ಮರಳು ನಮ್ಮದು, ಬೆಳಕು ಯಾರದು?

ಐವತ್ತು ವಯಸ್ಸನ್ನು ದಾಟಿದ ನಮ್ಮ ವಾಚಕರಲ್ಲಿ ಗ್ಯಾಸ್‌ಲೈಟನ್ನು ಕಾಣದವರು ಇರಲಾರರು. ಮದುವೆಯ ಮೆರವಣಿಗೆಯಲ್ಲಿ ಕೂಲಿಯಾಳುಗಳು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ ದೀಪವು ಅದೇ. ಕರಾವಳಿಯ ಬಯಲಾಟಗಳಲ್ಲಿ ದೊಂದಿಯ ಹೊಗೆಯನ್ನು ಓಡಿಸಿ ಇರುಳೆಲ್ಲ ವೇಷಗಳ ಬಣ್ಣವನ್ನು ಬೆಳಗಿಸಿದ್ದೂ ಅದೇ. ಸೀಮೆಯೆಣ್ಣೆಯನ್ನು ಆವಿಮಾಡಿ ಉರಿಸುವ ಆ ದೀಪದ ನಡುವೆ ನೂಲಿನ ಚಿಕ್ಕ ಬಲೆಯ ಚೀಲವೊಂದು ತೂಗುತ್ತಿತ್ತು. ಅದಕ್ಕೆ ಮ್ಯಾಂಟಲ್ ಎಂದು ಹೆಸರು. ಹೊಸ ಚೀಲವನ್ನು ಕಟ್ಟಿ ಬೆಂಕಿ ತೋರಿಸಿದರೆ ನೂಲೆಲ್ಲ ಉರಿದುಹೋಗಿ ಬೂದಿಯ ಎಲುಬುಗೂಡು ಮಾತ್ರ ಉಳಿಯುವುದು. ಕಣ್ಣು ಕುಕ್ಕುವ ಆ ಬೆಳಕನ್ನು ಕೊಡುತ್ತಿದ್ದುದು ಆ ಬೂದಿಯೇ. ಬೆರಳು ತಾಕಿದರೆ ಪುಡಿಯಾಗುವ ಆ ವಸ್ತುವು ಎಲ್ಲಿಂದ ಬಂದಿತೆಂದು ಕೇಳಿದವರು ಕಡಮೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರಪಂಚದ ಮ್ಯಾಂಟಲ್ ಕೈಗಾರಿಕೆಗೆ ಬೇಕಾದ ಖನಿಜದ ದೊಡ್ಡದೊಂದು ಪಾಲು ತಿರುವಾಂಕೂರಿನ ಸಮುದ್ರತೀರದ ಮರಳಾಗಿ ಹಡಗು ಹತ್ತುತ್ತಿತ್ತು. ಅದು ಪರದೇಶದಲ್ಲಿ ಶುದ್ಧಿಯಾಗಿ, ಚೀಲವಾಗಿ, ಡಬ್ಬಿಯೊಳಗೆ ಸೇರಿ, ಬೆಲೆಯ ಚೀಟಿಯನ್ನು ಹಚ್ಚಿಕೊಂಡು ನಮ್ಮ ಅಂಗಡಿಗಳಿಗೆ ಹಿಂದಿರುಗುತ್ತಿತ್ತು.

ಗ್ಯಾಸ್‌ಲೈಟು ಹೋಯಿತು. ಅದರ ಹಿಂದಿದ್ದ ವ್ಯಾಪಾರದ ರೀತಿ ಹೋಯಿತೇ ಎಂಬುದು ನಮ್ಮ ಪ್ರಶ್ನೆ. ೨೦೨೫ನೆಯ ಇಸವಿಯಲ್ಲಿ ನಡೆದ ಕೆಲವು ಸಂಗತಿಗಳು ಈ ಪ್ರಶ್ನೆಯನ್ನು ಮತ್ತೊಮ್ಮೆ ಎತ್ತಿಸಿವೆ. ಅವುಗಳನ್ನು ಹೇಳುವುದಕ್ಕೆ ಮೊದಲು ವಿಷಯದ ಪೂರ್ವವೃತ್ತಾಂತವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಆಸ್ಟ್ರಿಯಾ ದೇಶದ ಕಾರ್ಲ್ ಔವರ್ ಎಂಬ ರಸಾಯನಶಾಸ್ತ್ರಜ್ಞನು ೧೮೮೫ರಲ್ಲಿ ಮ್ಯಾಂಟಲಿನ ಮೊದಲ ಹಕ್ಕುಪತ್ರವನ್ನು ಪಡೆದನು. ಆಗ ಅದರ ಬೆಳಕು ಹಸುರಾಗಿದ್ದು ಜನರಿಗೆ ಹಿಡಿಸಲಿಲ್ಲ. ೧೮೯೧ರಲ್ಲಿ ಥೋರಿಯಂ ಭಸ್ಮ ನೂರಕ್ಕೆ ತೊಂಬತ್ತೊಂಬತ್ತು, ಸೀರಿಯಂ ಭಸ್ಮ ನೂರಕ್ಕೆ ಒಂದು ಎಂಬ ಬೆರಕೆಯನ್ನು ಕಂಡುಹಿಡಿದ ಮೇಲೆ ಬಿಳಿಯ ಬೆಳಕು ಹೊಮ್ಮಿತು. ಥೋರಿಯಂ ಒಂದೇ ಇದ್ದರೆ ಬೆಳಕು ಮಂಕು. ಸೀರಿಯಂ ಹೆಚ್ಚಾದರೂ ಮಂಕು. ನೂರಕ್ಕೆ ಒಂದು ಪಾಲಿನ ಆ ಒಗ್ಗರಣೆಯಲ್ಲಿಯೇ ಎಲ್ಲ ಗುಟ್ಟೂ ಅಡಗಿತ್ತು. ಈ ಎರಡು ಭಸ್ಮಗಳೂ ದೊರೆಯುವುದು ಮೊನಜೈಟ್ ಎಂಬ ಜೇನುಬಣ್ಣದ ಮರಳಿನಲ್ಲಿ. ಜರ್ಮನಿಗೆ ಹೋಗಿದ್ದ ತಿರುವಾಂಕೂರಿನ ತೆಂಗಿನ ನಾರಿನಲ್ಲಿ ಅಂಟಿಕೊಂಡಿದ್ದ ಮರಳ ಕಣಗಳನ್ನು ೧೯೦೯ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞನು ಗುರುತಿಸಿದನೆಂದೂ, ಆ ಜಾಡನ್ನು ಹಿಡಿದು ಇಂದು ಕನ್ಯಾಕುಮಾರಿ ಜಿಲ್ಲೆಗೆ ಸೇರಿರುವ ಮಣವಾಳಕುರಿಚ್ಚಿಗೆ ಬಂದು ಕಾರ್ಖಾನೆಯನ್ನು ಹೂಡಿದನೆಂದೂ ಪ್ರತೀತಿಯಿದೆ. ನಮ್ಮ ಬೆಸ್ತರು ತಲೆತಲಾಂತರದಿಂದ ಬಲೆಯೊಣಗಿಸುತ್ತಿದ್ದ ಮರಳಿನ ಬೆಲೆಯು ನಮಗೆ ತಿಳಿದುದು ಹಗ್ಗಕ್ಕೆಂದು ನಾವು ಮಾರಿದ ನಾರಿನ ಕಸದಿಂದ! ನಗಬೇಕೋ ಅಳಬೇಕೋ ವಾಚಕರೇ ತೀರ್ಮಾನಿಸಲಿ.

ಮೊನಜೈಟಿನಲ್ಲಿ ಥೋರಿಯಂ ಹತ್ತನೆಯ ಒಂದು ಪಾಲಿಗೂ ಕಡಮೆ. ಅರ್ಧಕ್ಕಿಂತ ಹೆಚ್ಚಾಗಿರುವುದು ವಿರಳ ಮೃತ್ತಿಕೆಗಳೆಂಬ ಧಾತುಗಳ ಭಸ್ಮ. ಈ ಹೆಸರು ಎರಡು ಬಗೆಯಲ್ಲಿ ತಪ್ಪು. ಅವು ಮಣ್ಣಲ್ಲ, ಲೋಹಗಳು. ಅವುಗಳಲ್ಲಿ ಅನೇಕವು ವಿರಳವೂ ಅಲ್ಲ, ಸೀರಿಯಂ ಭೂಮಿಯಲ್ಲಿ ಸುಮಾರು ತಾಮ್ರದಷ್ಟೇ ಇದೆ. ವಿರಳವಾದುದು ಅವುಗಳನ್ನು ಒಂದರಿಂದೊಂದು ಬಿಡಿಸುವ ವಿದ್ಯೆ. ಒಂದೇ ಮನೆಯ ಅವಳಿಜವಳಿಗಳಂತೆ ಗುಣದಲ್ಲಿ ಒಂದನ್ನೊಂದು ಹೋಲುವ ಈ ಹದಿನೇಳು ಧಾತುಗಳು ಕೂಡಿಯೇ ಇರುತ್ತವೆ. ಅವುಗಳನ್ನು ಬೇರ್ಪಡಿಸಬೇಕಾದರೆ ಆಮ್ಲದಲ್ಲಿ ಕರಗಿಸಿ, ಎಣ್ಣೆಯಂಥ ದ್ರಾವಕಗಳೊಡನೆ ತೊಟ್ಟಿಯಿಂದ ತೊಟ್ಟಿಗೆ ನೂರಾರು ಬಾರಿ ಕಲಕಿ ಇಳಿಸಬೇಕು. ಅಷ್ಟು ಶ್ರಮವನ್ನು ಯಾಕೆ ಪಡಬೇಕೆಂದರೆ, ಬೆಳಕಿನ ವಿಷಯದಲ್ಲಿ ಈ ಧಾತುಗಳಿಗೆ ಇರುವ ಗುಣವು ಬೇರೆ ಯಾವುದಕ್ಕೂ ಇಲ್ಲ.

ಆ ಗುಣವನ್ನು ಸ್ವಲ್ಪ ವಿವರಿಸುವೆವು. ಮ್ಯಾಂಟಲಿನ ಬೆಳಕು ಕಾವಿನ ಬೆಳಕು. ೧೯೦೫ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ಹೊತ್ತಿದ ಬುರುಡೆಗಳ ಬೆಳಕೂ ಅದೇ ಜಾತಿಯದು. ಕಳುಹಿಸಿದ ಶಕ್ತಿಯ ಬಹುಭಾಗವು ಶಾಖವಾಗಿ ನಷ್ಟವಾಗುತ್ತಿತ್ತು. ಇದಕ್ಕೆ ಪ್ರತಿಯಾಗಿ ಮಿಂಚುಹುಳುವಿನಂತೆ ಸುಡದೆ ಬೆಳಗುವ ತಣ್ಣನೆಯ ಬೆಳಕೊಂದು ಉಂಟು. ಕಣ್ಣಿಗೆ ಕಾಣದ ಅತಿನೇರಳೆಯ ಕಿರಣವನ್ನಾಗಲಿ, ಕ್ಷ-ಕಿರಣವನ್ನಾಗಲಿ ಕೆಲವು ಪುಡಿಗಳು ಹೀರಿಕೊಂಡು ಕಾಣುವ ಬೆಳಕಾಗಿ ಹಿಂದಕ್ಕೆ ಕೊಡುತ್ತವೆ. ಇವುಗಳನ್ನು ದೀಪ್ತದ್ರವ್ಯಗಳೆಂದು ಕರೆಯೋಣ. ಸಾಮಾನ್ಯ ದ್ರವ್ಯಗಳಲ್ಲಿ ಬೆಳಕನ್ನು ಕೊಡುವ ಎಲೆಕ್ಟ್ರಾನು ಪರಮಾಣುವಿನ ಹೊರಜಗಲಿಯಲ್ಲಿರುವುದರಿಂದ ನೆರೆಹೊರೆಯ ಗದ್ದಲಕ್ಕೆ ಸಿಕ್ಕಿ ಬಣ್ಣವು ಕದಡುವುದು. ಯುರೋಪಿಯಂ, ಟರ್ಬಿಯಂ ಮೊದಲಾದವುಗಳಲ್ಲಿ ಆ ಎಲೆಕ್ಟ್ರಾನು ಗರ್ಭಗುಡಿಯೊಳಗೆ ಇದ್ದಂತೆ. ಹೊರಬೀದಿಯ ಸದ್ದು ಅಲ್ಲಿಗೆ ಮುಟ್ಟದು. ಆದುದರಿಂದ ಯುರೋಪಿಯಂ ಎಂತಹ ಆಶ್ರಯದಲ್ಲಿದ್ದರೂ ತನ್ನ ಕೆಂಪನ್ನು, ಟರ್ಬಿಯಂ ತನ್ನ ಹಸುರನ್ನು ಗೆರೆ ಕೊರೆದಂತೆ ಕೊಡುತ್ತವೆ. ಸೀರಿಯಂ ಮಾತ್ರ ಇದಕ್ಕೆ ಹೊರಗು. ಅದು ಸೇರಿದ ಹರಳಿಗೆ ತಕ್ಕಂತೆ ಬಣ್ಣವನ್ನು ಬದಲಿಸುವುದು. ಈ ಅಪವಾದದಿಂದಲೇ ಮುಂದೆ ದೊಡ್ಡ ಉಪಕಾರವಾಯಿತು.

೧೯೬೦ರ ದಶಕದಲ್ಲಿ ಬಣ್ಣದ ಟೆಲಿವಿಷನ್ನಿಗೆ ಯುರೋಪಿಯಂನಿಂದ ಶುದ್ಧವಾದ ಕೆಂಪು ದೊರಕಿತು. ೧೯೭೦ರ ದಶಕದಲ್ಲಿ ಟ್ಯೂಬ್‌ಲೈಟಿನ ಒಳಮೈಗೆ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣದ ವಿರಳ ಮೃತ್ತಿಕೆಯ ಪುಡಿಗಳನ್ನು ಬಳಿಯುವುದು ಆರಂಭವಾಯಿತು. ಹಳೆಯ ಟ್ಯೂಬುಗಳಲ್ಲಿ ಮನುಷ್ಯರ ಮುಖವು ರೋಗಿಯ ಮುಖದಂತೆ ಕಾಣುತ್ತಿದ್ದ ದೋಷವು ಇದರಿಂದ ನಿವಾರಣೆಯಾಯಿತು. ಅನಂತರ ಜಪಾನಿನ ನಕಮುರಾ ಮಹಾಶಯರು ೧೯೯೩ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದರು. ೧೯೯೬ರಲ್ಲಿ ಅವರಿದ್ದ ನಿಚಿಯಾ ಸಂಸ್ಥೆಯವರು ಆ ನೀಲಿಯ ಮೇಲೆ ಹಳದಿಯ ಪುಡಿಯೊಂದನ್ನು ಲೇಪಿಸಿ ಬಿಳಿಯ ಬೆಳಕಿನ ದೀಪವನ್ನು ಮಾರುಕಟ್ಟೆಗೆ ತಂದರು. ಯಿಟ್ರಿಯಂ ಮತ್ತು ಅಲ್ಯುಮಿನಿಯಂ ಕೂಡಿದ ಹರಳಿನಲ್ಲಿ ಚೂರು ಸೀರಿಯಂ ಬೆರೆತ ಪುಡಿ ಅದು. ಹೊರಟ ನೀಲಿಯಲ್ಲಿ ಒಂದು ಪಾಲನ್ನು ನುಂಗಿ ಹಳದಿಯನ್ನು ಉಗುಳುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಬೆರೆತು ಕಣ್ಣಿಗೆ ಬಿಳುಪಾಗುತ್ತದೆ. ನೀಲಿಯನ್ನು ಸಾಧಿಸಿದುದಕ್ಕಾಗಿ ಅಕಸಾಕಿ, ಅಮಾನೋ, ನಕಮುರಾ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಹಳದಿಯ ಪುಡಿಗೆ ಪಾರಿತೋಷಕವಿಲ್ಲ. ಆದರೆ ಅದಿಲ್ಲದೆ ನಮ್ಮ ಪಡಸಾಲೆಗಳು ನೀಲಿಯಾಗಿರುತ್ತಿದ್ದವು. ಆರಿಸಿದ ಎಲ್‌ಇಡಿ ಟಾರ್ಚಿನ ಗಾಜಿನೊಳಗೆ ಇಣಿಕಿ ನೋಡಿದವರಿಗೆ ಕಾಣುವ ಹಳದಿಯ ಚುಕ್ಕೆಯು ಇದೇ.

ಮ್ಯಾಂಟಲಿನಲ್ಲಿ ನೂರಕ್ಕೆ ಒಂದರಂತೆ ಇದ್ದ ಸೀರಿಯಂ ಒಂದು ಶತಮಾನದ ಮೇಲೆ ಎಲ್‌ಇಡಿಯಲ್ಲಿ ಮತ್ತೆ ಒಗ್ಗರಣೆಯ ಪ್ರಮಾಣದಲ್ಲಿಯೇ ಕಾಣಿಸಿಕೊಂಡಿತು. ೨೦೧೫ರ ಜನವರಿ ೫ರಂದು ಭಾರತ ಸರ್ಕಾರದವರು ಆರಂಭಿಸಿದ ಉಜಾಲಾ ಯೋಜನೆಯ ಮೂಲಕ ೩೬ ಕೋಟಿಗೂ ಮೀರಿ ಇಂತಹ ಬಲ್ಬುಗಳು ನಮ್ಮ ಮನೆಗಳನ್ನು ಸೇರಿದುವು. ೨೦೧೪ರ ಆರಂಭದಲ್ಲಿ ಸರ್ಕಾರವು ಒಂದು ಬಲ್ಬನ್ನು ೩೧೦ ರೂಪಾಯಿಗಳಿಗೆ ಕೊಳ್ಳುತ್ತಿದ್ದುದು ೨೦೧೬ರ ವೇಳೆಗೆ ೩೮ ರೂಪಾಯಿಗಳಿಗೆ ಇಳಿಯಿತು. ಇದು ಮೆಚ್ಚತಕ್ಕ ಕಾರ್ಯ. ಮೆಚ್ಚುವುದರಲ್ಲಿ ನಾವು ಜಿಪುಣತನವನ್ನು ತೋರುವುದಿಲ್ಲ.

ದೀಪಕ್ಕಿಂತಲೂ ಹೆಚ್ಚು ಮರ್ಮಕ್ಕೆ ತಾಕುವ ಸಂಗತಿಯೆಂದರೆ ವೈದ್ಯದ್ದು. ಕ್ಷ-ಕಿರಣವು ಪತ್ತೆಯಾದದ್ದೇ ದೀಪ್ತಿಯಿಂದ. ೧೮೯೫ರ ನವೆಂಬರ್ ೮ರಂದು ರಾಂಟ್‌ಜೆನ್ ಪಂಡಿತರ ಕತ್ತಲೆಯ ಕೋಣೆಯಲ್ಲಿ ಪುಡಿ ಬಳಿದ ತೆರೆಯೊಂದು ತಾನಾಗಿ ಬೆಳಗಿದುದರಿಂದಲೇ ಆ ಕಿರಣದ ಸುಳಿವು ಹತ್ತಿತು. ಚಿತ್ರವನ್ನು ಹಿಡಿಯುವ ಫಿಲ್ಮು ಕ್ಷ-ಕಿರಣವನ್ನು ಬಹು ಸ್ವಲ್ಪವಾಗಿ ಮಾತ್ರ ಹೀರುವುದರಿಂದ, ಅದರ ಬೆನ್ನಿಗೆ ದೀಪ್ತದ್ರವ್ಯದ ತೆರೆಯನ್ನು ಇರಿಸಿ, ಆ ತೆರೆಯ ಬೆಳಕಿನಿಂದ ಚಿತ್ರ ಮೂಡುವಂತೆ ಮಾಡುವ ಪದ್ಧತಿಯು ಬಂದಿತು. ಮುಕ್ಕಾಲು ಶತಮಾನದವರೆಗೆ ಈ ತೆರೆಗೆ ಟಂಗ್‌ಸ್ಟನ್ನಿನ ಲವಣವೇ ಗತಿಯಾಗಿತ್ತು. ೧೯೭೦ರ ದಶಕದಲ್ಲಿ ಟರ್ಬಿಯಂ ಬೆರೆತ ಗೆಡೊಲಿನಿಯಂನ ಪುಡಿಯು ಬಂದ ಮೇಲೆ ಹಿಂದಿನದಕ್ಕಿಂತ ಬಹಳ ಕಡಮೆ ಕಿರಣದಿಂದ ಅಷ್ಟೇ ಸ್ಪಷ್ಟವಾದ ಚಿತ್ರವು ಸಾಧ್ಯವಾಯಿತು. ಕಡಮೆ ಕಿರಣವೆಂದರೆ ರೋಗಿಯ ಮೈಗೆ ಕಡಮೆ ಅಪಾಯ. ಪದೇ ಪದೇ ಚಿತ್ರ ತೆಗೆಸಬೇಕಾದ ಕ್ಷಯರೋಗಿಗೂ, ಮೂಳೆ ಮುರಿದ ಮಗುವಿಗೂ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಫಿಲ್ಮು ಮರೆಯಾಗುತ್ತ ಬಂದರೂ ಇದೇ ಗೆಡೊಲಿನಿಯಂ ಪುಡಿಯು ಇಂದಿನ ಅನೇಕ ಡಿಜಿಟಲ್ ಫಲಕಗಳಲ್ಲಿ ಕುಳಿತಿದೆ.

ಕ್ಯಾನ್ಸರನ್ನು ಹುಡುಕುವ ಪೆಟ್ ಯಂತ್ರದ ಹೆಸರನ್ನು ಈಗ ನಮ್ಮ ಊರುಗಳವರೂ ಬಲ್ಲರು. ರೋಗಿಯ ಮೈಯೊಳಗೆ ಸೇರಿಸಿದ ಔಷಧದಿಂದ ಒಂದಕ್ಕೊಂದು ಎದುರುದಿಕ್ಕಿನಲ್ಲಿ ಹೊರಡುವ ಗಾಮಾ ಕಿರಣಗಳ ಜೋಡಿಯನ್ನು ಆ ಯಂತ್ರದ ಬಳೆಯಲ್ಲಿ ಸಾಲಾಗಿ ಕೂಡಿಸಿದ ಹರಳುಗಳು ಹಿಡಿಯಬೇಕು. ಎರಡೂ ಒಂದೇ ಕ್ಷಣದಲ್ಲಿ ಬಂದುವೆಂದು ತೀರ್ಮಾನಿಸಲು ಹರಳು ಥಟ್ಟನೆ ಮಿಂಚಿ ಥಟ್ಟನೆ ಆರಬೇಕು. ಸೀರಿಯಂ ಬೆರೆತ ಲುಟೀಷಿಯಂನ ಹರಳು ಸೆಕೆಂಡಿನ ಕೋಟಿಯ ಕೆಲವು ಭಾಗಗಳಲ್ಲಿ ಈ ಕೆಲಸವನ್ನು ಮುಗಿಸುವುದು. ಹೆರಿಗೆಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಗುಣವು ಉಪಯೋಗಕ್ಕೆ ಬರುತ್ತದೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಒಂದು ತೊಟ್ಟಿನಲ್ಲಿ ಥೈರಾಯಿಡಿನ ದೋಷವಿದೆಯೇ ಎಂದು ನೋಡುವ ಪರೀಕ್ಷೆಗಳಲ್ಲಿ ಒಂದಕ್ಕೆ ಯುರೋಪಿಯಂ ಗುರುತಿನ ದೀಪವಾಗಿದೆ. ಬೆಳಕಿನ ಸಿಡಿತವನ್ನು ಕೊಟ್ಟೊಡನೆ ರಕ್ತದ ಇತರ ದ್ರವ್ಯಗಳೂ ಮಿನುಗಿ ಕ್ಷಣಮಾತ್ರದಲ್ಲಿ ಆರುತ್ತವೆ. ಯುರೋಪಿಯಂ ಅವುಗಳಿಗಿಂತ ಸಾವಿರಾರು ಪಾಲು ಹೆಚ್ಚು ಹೊತ್ತು ಬೆಳಗುತ್ತಿರುವುದು. ಸಂತೆಯ ಗಲಾಟೆ ಅಡಗಿದ ಮೇಲೆ ಒಬ್ಬನೇ ಹಾಡುವವನ ದನಿಯನ್ನು ಕೇಳಿದಂತೆ ಯಂತ್ರವು ಸ್ವಲ್ಪ ತಡೆದು ಆ ಬೆಳಕನ್ನು ಮಾತ್ರ ಅಳೆಯುತ್ತದೆ. ದೋಷವು ಮೊದಲ ವಾರಗಳಲ್ಲಿ ತಿಳಿದರೆ ದಿನಕ್ಕೊಂದು ಮಾತ್ರೆಯಿಂದ ಮಗುವಿನ ಬುದ್ಧಿ ಉಳಿಯುವುದು. ತಿಳಿಯದಿದ್ದರೆ ಜೀವಮಾನದ ಜಡತ್ವ.

ಈಗ ೨೦೨೫ರ ಸಂಗತಿಗೆ ಬರೋಣ. ಆ ವರ್ಷದ ಏಪ್ರಿಲ್ ೪ರಂದು ಚೀನಾ ಸರ್ಕಾರದವರು ಏಳು ಧಾತುಗಳ ರಫ್ತಿಗೆ ಪರವಾನಗಿಯ ಕಟ್ಟನ್ನು ವಿಧಿಸಿದರು: ಸಮೇರಿಯಂ, ಗೆಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೀಷಿಯಂ, ಸ್ಕ್ಯಾಂಡಿಯಂ, ಯಿಟ್ರಿಯಂ. ಈ ಪಟ್ಟಿಯನ್ನು ಮೇಲಿನ ಪ್ಯಾರಾಗಳೊಡನೆ ಹೋಲಿಸಿ ನೋಡಿದರೆ ನಮ್ಮ ಆತಂಕದ ಕಾರಣವು ವಾಚಕರಿಗೆ ಹೊಳೆಯುವುದು. ಎಲ್‌ಇಡಿಯ ಯಿಟ್ರಿಯಂ, ಕ್ಷ-ಕಿರಣದ ತೆರೆಯ ಗೆಡೊಲಿನಿಯಂ ಮತ್ತು ಟರ್ಬಿಯಂ, ಪೆಟ್ ಹರಳಿನ ಲುಟೀಷಿಯಂ, ಎಲ್ಲವೂ ಅದರಲ್ಲಿವೆ. ಅದೇ ವರ್ಷದ ಅಕ್ಟೋಬರಿನಲ್ಲಿ ಯುರೋಪಿಯಂ ಸಹಿತವಾಗಿ ಇನ್ನು ಐದನ್ನು ಸೇರಿಸುವ ಪ್ರಕಟಣೆಯು ಹೊರಟು, ನವೆಂಬರಿನಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ತಡೆಹಿಡಿಯಲಾಯಿತು. ತಡೆಹಿಡಿದುದು ಕೊಡಲಿಯ ಏಟನ್ನೇ ಹೊರತು ಕೊಡಲಿಯನ್ನು ಯಾರೂ ಕೆಳಗಿಟ್ಟಿಲ್ಲ. ಚೀನದವರನ್ನು ನಾವು ಬೈಯಲಾರೆವು. ಅನ್ಯರು ಕೊಳೆಯೆಂದು ಬಿಟ್ಟ ಕೆಲಸವನ್ನು ಅವರು ದಶಕಗಟ್ಟಳೆ ಮಾಡಿ, ಬಿಡಿಸುವ ವಿದ್ಯೆಯನ್ನು ವಶಮಾಡಿಕೊಂಡರು; ಈಗ ಅದರ ಫಲವನ್ನು ತಮ್ಮ ಇಷ್ಟದಂತೆ ಹಂಚುತ್ತಾರೆ. ಬೈಯಬೇಕಾದರೆ ಕನ್ನಡಿಯ ಮುಂದೆ ನಿಂತು ಬೈಯಬೇಕು.

ಯಾಕೆಂದರೆ ನಾವು ತಡವಾಗಿ ಎದ್ದವರಲ್ಲ. ಸ್ವಾತಂತ್ರ್ಯ ಬಂದ ಮೂರೇ ವರ್ಷಗಳಲ್ಲಿ, ೧೯೫೦ರಲ್ಲಿ, ಇಂಡಿಯನ್ ರೇರ್ ಅರ್ತ್ಸ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಆಲುವಾಯಿಯಲ್ಲಿನ ಅದರ ಕಾರ್ಖಾನೆಯನ್ನು ೧೯೫೨ರ ಡಿಸೆಂಬರಿನಲ್ಲಿ ಪಂಡಿತ ನೆಹರೂರವರು ಉದ್ಘಾಟಿಸಿದರು. ಮರಳನ್ನು ಹಾಗೆಯೇ ಕಳುಹಿಸಕೂಡದು, ಇಲ್ಲಿಯೇ ಬಿಡಿಸಬೇಕು ಎಂಬುದು ಆ ಹಿರಿಯರ ಸಂಕಲ್ಪವಾಗಿತ್ತು. ನಮ್ಮ ತೀರಗಳಲ್ಲಿ ಒಂದು ಕೋಟಿ ಟನ್ನುಗಳಿಗೂ ಮೀರಿದ ಮೊನಜೈಟ್ ಇದೆಯೆಂದು ಪರಮಾಣು ಖನಿಜ ಇಲಾಖೆಯ ಅಂದಾಜು. ಸಂಕಲ್ಪದ ಮೊದಲ ಮೆಟ್ಟಿಲನ್ನು ನಾವು ಹತ್ತಿದೆವು: ಮರಳಿನಿಂದ ಭಸ್ಮವನ್ನು ಮಾಡುತ್ತೇವೆ. ಭಸ್ಮದಿಂದ ದೀಪದ ಪುಡಿಯನ್ನು, ಹರಳನ್ನು, ತೆರೆಯನ್ನು ಮಾಡುವ ಮುಂದಿನ ಮೆಟ್ಟಿಲುಗಳ ಮೇಲೆ ನಮ್ಮ ಕಾಲು ಇನ್ನೂ ಗಟ್ಟಿಯಾಗಿ ಊರಿಲ್ಲ.

ಸತ್ಯವನ್ನು ಮರೆಮಾಚದೆ ಹೇಳುವುದಾದರೆ, ಮರಳಿದ್ದ ಮಾತ್ರಕ್ಕೆ ಎಲ್ಲವೂ ಇದ್ದಂತಲ್ಲ. ನಮ್ಮ ಮೊನಜೈಟಿನಲ್ಲಿ ಹೇರಳವಾಗಿರುವುದು ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಮೊದಲಾದ ಹಗುರ ಧಾತುಗಳು. ಯುರೋಪಿಯಂ, ಟರ್ಬಿಯಂ, ಲುಟೀಷಿಯಂ ಮೊದಲಾದವು ಅದರಲ್ಲಿ ಬಹು ಸ್ವಲ್ಪ. "ನಮ್ಮಲ್ಲಿ ರತ್ನಗರ್ಭೆಯಿದ್ದಾಳೆ" ಎಂದು ವೇದಿಕೆಯ ಮೇಲೆ ಘೋಷಿಸುವವರು ಈ ಮಾತನ್ನು ನುಂಗಿಬಿಡುತ್ತಾರೆ. ಆದರೆ ದೀಪ್ತದ್ರವ್ಯಗಳಿಗೆ ಬೇಕಾದುದೂ ಬಹು ಸ್ವಲ್ಪವೇ ಅಲ್ಲವೇ? ಅಯಸ್ಕಾಂತಗಳಿಗೆ ಬೇಕಾದಂತೆ ಟನ್ನುಗಟ್ಟಳೆಯ ಹಸಿವು ಇವಕ್ಕಿಲ್ಲ. ಒಂದು ಬಲ್ಬಿಗೆ ಬೇಕಾದ ಪುಡಿಯನ್ನು ಮಿಲಿಗ್ರಾಂಗಳಲ್ಲಿ ಅಳೆಯುತ್ತಾರೆ. ಇಲ್ಲಿ ಬೇಕಾಗಿರುವುದು ರಾಶಿಯಲ್ಲ, ಶುದ್ಧಿ. ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಕಬ್ಬಿಣವು ಸೇರಿದರೂ ಬೆಳಕು ಕುಗ್ಗುವುದು. ಕಣದ ಗಾತ್ರ ಸ್ವಲ್ಪ ಹೆಚ್ಚುಕಡಮೆಯಾದರೂ ಲೇಪನ ಕೆಡುವುದು. ಇದು ಗಣಿಯವನ ಕೆಲಸಕ್ಕಿಂತ ಹೆಚ್ಚಾಗಿ ರಸವೈದ್ಯನ ಕೆಲಸ.

ಅಂತಹ ಕೆಲಸವು ನಮ್ಮ ಕೈಯಿಂದ ಆಗದೆಂದು ಹೇಳುವವರಿಗೆ ಒಂದು ನಿದರ್ಶನವನ್ನು ಕೊಡಬಯಸುತ್ತೇವೆ. ನಮ್ಮ ಆಸ್ಪತ್ರೆಗಳ ಕ್ಷ-ಕಿರಣ ವಿಭಾಗದವರೂ, ಕೈಗಾದಂತಹ ಪರಮಾಣು ವಿದ್ಯುತ್ ಸ್ಥಾವರದ ನೌಕರರೂ ಎದೆಯ ಮೇಲೆ ಚಿಕ್ಕ ಬಿಲ್ಲೆಯೊಂದನ್ನು ಧರಿಸುತ್ತಾರೆ. ಅದರೊಳಗೆ ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟಿನ ಮೂರು ತಟ್ಟೆಗಳಿವೆ. ಮೈಗೆ ತಾಕಿದ ವಿಕಿರಣದ ಲೆಕ್ಕವನ್ನು ಆ ಪುಡಿಯು ತಿಂಗಳುಗಟ್ಟಳೆ ಒಳಗೇ ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಒಪ್ಪಿಸುವುದು. ಆ ದ್ರವ್ಯವನ್ನು ಮೊದಲು ವರ್ಣಿಸಿದವರು ಜಪಾನಿನವರಾದರೂ, ಟ್ರಾಂಬೆಯ ನಮ್ಮ ವಿಜ್ಞಾನಿಗಳು ೧೯೭೦ರ ದಶಕದಲ್ಲಿ ಅದನ್ನು ಇಲ್ಲಿಯೇ ತಯಾರಿಸಿ, ಬಿಲ್ಲೆಯಾಗಿ ರೂಪಿಸಿ, ದೇಶಾದ್ಯಂತ ಬಳಕೆಗೆ ತಂದರು. ಬೇಕೆಂಬ ಛಲವಿದ್ದಲ್ಲಿ ಸಾಧ್ಯವಾಯಿತು. ಬೆಂಗಳೂರಿನಲ್ಲಿಯೇ ಸರ್ ಸಿ. ವಿ. ರಾಮನ್‌ರವರು ೧೯೪೦ರ ದಶಕದಲ್ಲಿ ವಜ್ರಗಳ ದೀಪ್ತಿಯನ್ನು ಕುರಿತು ಶಿಷ್ಯರೊಡನೆ ವರ್ಷಗಟ್ಟಳೆ ಶೋಧ ನಡೆಸಿದುದನ್ನು ಹಿರಿಯರು ಬಲ್ಲರು. ವಿದ್ಯೆಗೆ ಇಲ್ಲಿ ಬರವಿರಲಿಲ್ಲ; ವಿದ್ಯೆಯಿಂದ ಕಾರ್ಖಾನೆಯವರೆಗಿನ ದಾರಿಯಲ್ಲಿ ಸೇತುವೆಯಿರಲಿಲ್ಲ.

೨೦೨೫ರ ನವೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ವಿರಳ ಮೃತ್ತಿಕೆಯ ಅಯಸ್ಕಾಂತಗಳಿಗಾಗಿ ೭,೨೮೦ ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರುಮಾಡಿತು. ಮೋಟಾರುವಾಹನದ ಕಾರ್ಖಾನೆಗಳು ಕೂಗಿಕೊಂಡುವು, ಸರ್ಕಾರವು ಕೇಳಿತು; ಸಂತೋಷ. ಆದರೆ ಕೂಗುವ ಶಕ್ತಿಯಿಲ್ಲದ ವಸ್ತುಗಳೂ ಇವೆ. ಪೆಟ್ ಯಂತ್ರದ ಸರದಿಯಲ್ಲಿ ಕುಳಿತ ರೋಗಿಯು ಲುಟೀಷಿಯಂನ ಹೆಸರನ್ನೇ ಕೇಳಿರುವುದಿಲ್ಲ. ಅವನ ಪರವಾಗಿ ನಿಯೋಗ ಹೋಗುವವರು ಯಾರು? ಆ ಮೊಬಲಗಿನ ಹೋಲಿಕೆಯಲ್ಲಿ ಅಲ್ಪವೆನ್ನಬಹುದಾದ ಹಣದಿಂದ ದೀಪ್ತದ್ರವ್ಯಗಳಿಗೂ ಹರಳುಗಳಿಗೂ ಮೀಸಲಾದ ಒಂದು ಪ್ರಯೋಗಕಾರ್ಖಾನೆಯನ್ನು ತೆರೆಯತಕ್ಕದ್ದೆಂದೂ, ಸರ್ಕಾರಿ ಆಸ್ಪತ್ರೆಗಳ ಕ್ಷ-ಕಿರಣ ಫಲಕಗಳ ಖರೀದಿಯಲ್ಲಿ ಅದರ ಮಾಲಿಗೆ ಖಂಡಿತವಾದ ಗಿರಾಕಿಯನ್ನು ಒದಗಿಸತಕ್ಕದ್ದೆಂದೂ ನಾವು ಒತ್ತಾಯಿಸುತ್ತೇವೆ. ಉಜಾಲಾ ಬಲ್ಬಿನ ಬೆಲೆಯು ಇಳಿದುದು ಸರ್ಕಾರವು ದೊಡ್ಡ ಗಿರಾಕಿಯಾಗಿ ನಿಂತುದರಿಂದಲೇ ಎಂಬುದನ್ನು ಅಧಿಕಾರಿಗಳಿಗೆ ನಾವು ಕಲಿಸಬೇಕಾಗಿಲ್ಲ.

ಮರಳನ್ನು ಹೆಚ್ಚು ತೋಡಿದರೆ ಸಾಕೆಂಬ ವಾದವನ್ನು ಮಾತ್ರ ನಾವು ಒಪ್ಪಲಾರೆವು. ಕೊಲ್ಲಂ ಜಿಲ್ಲೆಯ ಆಲಪ್ಪಾಡಿನ ಬೆಸ್ತರು ತಮ್ಮ ನೆಲವು ಕಡಲಿನ ಪಾಲಾಗುತ್ತಿದೆಯೆಂದು ೨೦೧೮-೧೯ರಲ್ಲಿ ಸತ್ಯಾಗ್ರಹ ಹೂಡಿದುದು ನೆನಪಿರಬಹುದು. ಆ ಜನರ ಮನೆಯನ್ನು ಕೆಡವಿ ನಮ್ಮ ಮನೆಯ ದೀಪವನ್ನು ಹೊತ್ತಿಸುವುದು ಸ್ವದೇಶಿಯೆನಿಸದು.

ತೋಡದೆಯೇ ಸಿಕ್ಕುವ ಗಣಿಯೊಂದು ನಮ್ಮ ಪೌರಸಭೆಗಳ ಎಲ್ಲೆಯೊಳಗೇ ಇದೆ. ಎಲ್‌ಇಡಿ ಬಂದ ಮೇಲೆ ಬಿಸುಟ ಟ್ಯೂಬ್‌ಲೈಟುಗಳ, ಸಿಎಫ್‌ಎಲ್ ಬಲ್ಬುಗಳ ಒಳಮೈಯ ಬಿಳಿಯ ಪುಡಿಯಲ್ಲಿ ಯಿಟ್ರಿಯಂ, ಯುರೋಪಿಯಂ, ಟರ್ಬಿಯಂ ಎಲ್ಲವೂ ಇವೆ, ಅದೂ ಒಮ್ಮೆ ಶುದ್ಧಿಗೊಂಡ ರೂಪದಲ್ಲಿ. ಫ್ರಾನ್ಸಿನಲ್ಲಿ ಸಾಲ್ವೇ ಸಂಸ್ಥೆಯವರು ೨೦೧೨ರಲ್ಲಿ ಇವುಗಳನ್ನು ಹಿಂದಕ್ಕೆ ಪಡೆಯುವ ಕಾರ್ಖಾನೆಯನ್ನು ತೆರೆದು, ಬೆಲೆಗಳು ಕುಸಿದ ಮೇಲೆ ೨೦೧೬ರಲ್ಲಿ ಮುಚ್ಚಿದರು. ಲಾಭದ ಲೆಕ್ಕದಲ್ಲಿ ಅದು ಸರಿಯೇ ಇದ್ದೀತು. ೨೦೨೫ರ ಪರವಾನಗಿಯ ಕಟ್ಟಾದ ಮೇಲೆ ಅದೇ ಲೆಕ್ಕವನ್ನು ಮತ್ತೆ ಹಾಕಿ ನೋಡಬೇಕಾಗಿದೆ. ನಮ್ಮಲ್ಲಿ ೨೦೧೬ರ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಲ್ಲಿಯೇ ಪಾದರಸದ ದೀಪಗಳನ್ನು ಬೇರೆಯಾಗಿ ಸಂಗ್ರಹಿಸಬೇಕೆಂದು ವಿಧಿಸಲಾಯಿತು. ನಡೆಯುತ್ತಿರುವುದು ಬೇರೆ. ಬೆಳಗಿನ ಹೊತ್ತು ಕಸದ ಬಂಡಿಯು ಬಂದಾಗ ಬೀದಿಯ ಮೂಲೆಯಲ್ಲಿ ಟ್ಯೂಬುಗಳನ್ನು ನೆಲಕ್ಕೆ ಬಡಿದು ಮುರಿಯುವುದನ್ನು ನಾವು ಎಷ್ಟೋ ಸಾರಿ ನೋಡಿದ್ದೇವೆ. ಪಾದರಸವು ಪೌರಕಾರ್ಮಿಕನ ಉಸಿರಿಗೆ, ಬಿಳಿಯ ಪುಡಿಯು ಚರಂಡಿಗೆ. ಪ್ರತಿ ವಾರ್ಡಿನಲ್ಲಿ ಒಂದು ಮರದ ಪೆಟ್ಟಿಗೆ, ತಿಂಗಳಿಗೊಮ್ಮೆ ಅದನ್ನು ಒಯ್ಯುವ ಒಂದು ಬಂಡಿ: ಇಷ್ಟನ್ನು ಏರ್ಪಡಿಸುವುದಕ್ಕೆ ಡೆಲ್ಲಿಯ ಅಪ್ಪಣೆಯನ್ನು ಕಾಯಬೇಕಾಗಿಲ್ಲ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ನಗರಾಡಳಿತದವರು ಬರುವ ಆಯವ್ಯಯದಲ್ಲಿ ಈ ಪೆಟ್ಟಿಗೆಗಳ ಖರ್ಚನ್ನು ಸೇರಿಸುವರೇ ಎಂದು ಆಯಾ ಊರಿನ ವಾಚಕರು ತಮ್ಮ ಪ್ರತಿನಿಧಿಗಳನ್ನು ಕೇಳಬೇಕು.